ಗಾಜಿನ ಮೇಲೆ ತಡವರಿಸಿದ ಮೌಸ್: ಆರು ತಿಂಗಳ ಬಳಕೆಯ ನಂತರ

ಇಳಕಲ್ಲಿನ ನನ್ನ ಡಿಟಿಪಿ ಅಂಗಡಿಗೆಂದು ಆರು ತಿಂಗಳ ಹಿಂದೆ ಬಾಗಲಕೋಟೆಯ ನವನಗರದಲ್ಲಿ 450 ರೂಪಾಯಿ ಕೊಟ್ಟು ವೈರ್ ಇರುವ ಆಪ್ಟಿಕಲ್ ಮೌಸ್ ಒಂದನ್ನು ಕೊಂಡೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೀರೆ ಅಂಗಡಿಗಳ ಬಿಲ್ ಪುಸ್ತಕ ಎಂದು ದಿನಕ್ಕೆ ಎಂಟು ಹತ್ತು ತಾಸು ಕೈ ಅದರ ಮೇಲೆಯೇ ಇರುತ್ತದೆ. ಮೊದಲ ವಾರ ಕರ್ಸರ್ ಒಮ್ಮೆ ನಿಂತು ಒಮ್ಮೆ ನೆಗೆದು ಎಷ್ಟು ಕಾಡಿತೆಂದರೆ, ಮೌಸನ್ನು ಹಿಂತಿರುಗಿಸಲು ಅಂಗಡಿಗೇ ಹೋದೆ. ಅಂಗಡಿಯವರು ನನ್ನ ಮೇಜಿನ ಬಗ್ಗೆ ವಿಚಾರಿಸಿ, "ಗಾಜಿನ ಮ್ಯಾಗ ನಡಿಯಂಗಿಲ್ರೀ ಸರ್, ಒಂದ್ ರಟ್ಟರ ಹಾಸ್ಕೋರಿ" ಎಂದರು. ಅವರ ಮಾತು ಸರಿಯಾಗಿತ್ತು.

ಮೌಸನ್ನು ಬೋರಲು ಹಾಕಿ ನೋಡಿದರೆ ಕೆಂಪು ಬೆಳಕಿನ ಎಲ್‌ಇಡಿ, ಅದರ ಪಕ್ಕ ಸಣ್ಣ ಮಸೂರ ಕಾಣುತ್ತವೆ. ಮಸೂರದ ಹಿಂದಿರುವ ಸೆನ್ಸರ್ ನಿಜಕ್ಕೂ ಒಂದು ಪುಟ್ಟ ಕ್ಯಾಮೆರಾ. ಅಗ್ಗದ ಮೌಸ್‌ಗಳಲ್ಲಿ ಬಹುಕಾಲ ಬಳಕೆಯಾದ ಒಂದು ಸೆನ್ಸರ್ ಅಡ್ಡಕ್ಕೆ 18, ಉದ್ದಕ್ಕೆ 18, ಒಟ್ಟು 324 ಪಿಕ್ಸೆಲ್‌ಗಳ ಚಿತ್ರವನ್ನು ಸೆಕೆಂಡಿಗೆ ಸುಮಾರು 1500 ಬಾರಿ ತೆಗೆಯುತ್ತದೆ. ಇಳಿಹೊತ್ತಿನ ಬಿಸಿಲಿಗೆ ಎರೆಹೊಲದ ಪ್ರತಿ ಹೆಂಟೆಗೂ ನೆರಳು ಮೂಡುವಂತೆ, ಓರೆಯಾಗಿ ಬೀಳುವ ಎಲ್‌ಇಡಿ ಬೆಳಕಿಗೆ ಕಾಗದದ ನಾರು, ಕಟ್ಟಿಗೆಯ ಎಳೆಗಳೆಲ್ಲ ಎದ್ದು ಕಾಣುತ್ತವೆ. ಒಳಗಿನ ಚಿಪ್ ಹಿಂದಿನ ಚಿತ್ರವನ್ನು ಮುಂದಿನದರ ಮೇಲೆ ಸರಿಸಿ ಸರಿಸಿ ಹೊಂದಿಸಿ ನೋಡಿ, ಎಷ್ಟು ಸರಿಸಿದಾಗ ಎರಡೂ ಚೆನ್ನಾಗಿ ಕೂಡುತ್ತವೆಯೋ ಅದನ್ನೇ ಚಲನೆಯೆಂದು ಕಂಪ್ಯೂಟರಿಗೆ ತಿಳಿಸುತ್ತದೆ.

ನನ್ನ ಮೇಜಿನ ಗಾಜಿನಲ್ಲಿ ಹೀಗೆ ಹೊಂದಿಸಲು ಗುರುತೇ ಇರಲಿಲ್ಲ. ಬೆಳಕು ಗಾಜನ್ನು ದಾಟಿ ಹೋಗುತ್ತದೆ. ಅಡಿಯಲ್ಲಿ ನಾನು ಇಟ್ಟಿದ್ದ ಪತ್ರಿಕೆಯ ಮಾದರಿಗಳು ಮಸೂರದ ಫೋಕಸ್ಸಿಗೆ ಸಿಗದಷ್ಟು ಕೆಳಗಿದ್ದವು. 1980ರಲ್ಲಿ ರಿಚರ್ಡ್ ಲಯನ್ ಮತ್ತು ಸ್ಟೀವ್ ಕಿರ್ಷ್ ಬೇರೆ ಬೇರೆಯಾಗಿ ರೂಪಿಸಿದ ಮೊದಲ ಆಪ್ಟಿಕಲ್ ಮೌಸ್‌ಗಳಿಗೆ ಚುಕ್ಕೆ ಅಥವಾ ಗೆರೆಗಳಿರುವ ವಿಶೇಷ ಹಾಸು ಬೇಕಾಗುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ ಸಾಮಾನ್ಯ ಮೇಜೇ ಸಾಕಾಯಿತು, ಆದರೆ ಗಾಜು ಆ ಪಟ್ಟಿಯಲ್ಲಿ ಸೇರಲಿಲ್ಲ.

ಕುತೂಹಲಕ್ಕೆ ನಾನು ಮೌಸನ್ನು ಬೇರೆ ಹಾಸುಗಳ ಮೇಲೂ ಓಡಿಸಿದೆ. ನಮ್ಮೂರಿನ ಕೆಂಪು ಗ್ರಾನೈಟಿನ ಪಾಲಿಶ್ ಮಾಡಿದ ತುಂಡಿನ ಮೇಲೆ, ಕಣ್ಣಿಗೆ ಅಷ್ಟೊಂದು ಬಣ್ಣದ ಹರಳು ಕಂಡರೂ, ಕರ್ಸರ್ ಅಲ್ಲಲ್ಲಿ ತಡೆದು ಸಾಗಿತು; ಸೆನ್ಸರ್ ನೋಡುವುದು ಒಂದೆರಡು ಮಿಲಿಮೀಟರ್ ಜಾಗವನ್ನಷ್ಟೇ, ಅಷ್ಟರಲ್ಲಿ ನಯವಾದ ಒಂದೇ ಹರಳು ತುಂಬಿರಬಹುದು. ಗುಳೇದಗುಡ್ಡದ ಖಣದ ಮೇಲೆ ಓಟ ಬಹಳ ಸೊಗಸಾಗಿತ್ತು, ನೇಯ್ಗೆಯ ಎಳೆ ಎಳೆಯೂ ಅದಕ್ಕೆ ಗುರುತಾಗುತ್ತದೆ. ಆದರೆ ಎರಡನೆಯ ದಿನ ಒಂದು ನೂಲಿನ ಎಳೆ ಮಸೂರದ ಕಿಂಡಿಗೆ ಸಿಕ್ಕಿಕೊಂಡು ಕರ್ಸರ್ ನಡುಗತೊಡಗಿತು. ಮೌಸಿನ ಜೊತೆಗೇ ಸಾಗುವ ಆ ಎಳೆ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಾಣುವುದರಿಂದ ಲೆಕ್ಕ ತಪ್ಪುತ್ತದೆ. ಸೂಜಿಯ ತುದಿಯಿಂದ ಮೆಲ್ಲಗೆ ತೆಗೆದ ಮೇಲೆ ಸರಿಹೋಯಿತು.

ಡಬ್ಬಿಯ ಮೇಲೆ 1000 ಡಿಪಿಐ ಎಂದಿದೆ, ಅಂದರೆ ಒಂದು ಅಂಗುಲ ಸರಿಸಿದರೆ 1000 ಎಣಿಕೆ. ಅಕ್ಷರಗಳ ಒತ್ತು, ದೀರ್ಘಗಳನ್ನು ಜೋಡಿಸುವ ನನ್ನ ಕೆಲಸಕ್ಕೆ ಇದು ಧಾರಾಳ. ಕ್ಲಿಕ್ ಗಟ್ಟಿಯಾಗಿದೆ, ಸ್ಕ್ರಾಲ್ ಚಕ್ರ ಸಡಿಲಾಗಿಲ್ಲ. ವೈರ್ ಮಾತ್ರ ಬಿರುಸು. ಮೇಜಿನ ಅಂಚಿಗೆ ತಾಗಿ ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಇದು ತಯಾರಕರು ತಿದ್ದಬೇಕಾದ ದೋಷ.

ಗಾಜಿನ ಮೇಲೆಯೇ ಕೆಲಸ ಮಾಡಬೇಕೆನ್ನುವವರಿಗೆ 2009ರಲ್ಲಿ ಲಾಜಿಟೆಕ್ ತಂದ ಡಾರ್ಕ್‌ಫೀಲ್ಡ್ ತಂತ್ರದ ಮೌಸ್‌ಗಳಿವೆ. ಗಾಜು ಕನಿಷ್ಠ 4 ಮಿಲಿಮೀಟರ್ ದಪ್ಪವಿದ್ದರೆ ಅವು ನಡೆಯುತ್ತವೆ, ಆದರೆ ಬೆಲೆ ಹಲವು ಪಟ್ಟು ಹೆಚ್ಚು. ನಾನು ಹಳೆಯ ಕ್ಯಾಲೆಂಡರಿನ ರಟ್ಟನ್ನು ನುಣುಪು ಮಗ್ಗಲು ಕೆಳಗೆ ಮಾಡಿ ಗಾಜಿಗೆ ಅಂಟಿಸಿದ್ದೇನೆ. ಅಂದಿನಿಂದ ಕರ್ಸರ್ ಒಮ್ಮೆಯೂ ನೆಗೆದಿಲ್ಲ.