ಹಾಳೆ ತಟ್ಟೆಗೋ, ಕೊಟ್ಟಿಗೆಗೋ?

ಶಿರಸಿ ಕಡೆ ತೋಟ ಇದ್ದವರಿಗೆ ಬೇಸಿಗೆಯಲ್ಲಿ ಇದೇ ಪ್ರಶ್ನೆ. ಬಿದ್ದ ಅಡಿಕೆ ಹಾಳೆಯನ್ನು (ಸೋಗೆಯ ಬುಡದ ಅಗಲ ಹೊದಿಕೆ) ತಟ್ಟೆ ಮಾಡುವವರಿಗೆ ಕೊಡೋದಾ, ಹಸುವಿಗೆ ಮೇವು ಮಾಡೋದಾ?

ತಟ್ಟೆಗೆ ಅಗಲವಾದ, ಬೂಸ್ಟು ಹಿಡಿಯದ ಹಾಳೆಯೇ ಆಗಬೇಕು. ಒಂದು ಮಳೆ ಬಿದ್ದರೆ ಬೆಲೆ ಹೋಯ್ತು. ಜೊತೆಗೆ ಹೊರದೇಶದ ಮಾರುಕಟ್ಟೆಯ ಚಿಂತೆ: ಅಡಿಕೆ ಹಾಳೆ ತಟ್ಟೆಯಲ್ಲಿ ಊಟ ಸುರಕ್ಷಿತವಲ್ಲ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಹೇಳಿತು. ಬರೀ ರಫ್ತು ನಂಬಿದ ಘಟಕಕ್ಕೆ ಹಾಳೆ ಕೊಡುವ ಮುಂಚೆ ದುಡ್ಡು ಯಾವಾಗ ಅಂತ ಕೇಳಿ.

ಮೇವಿಗೆ ಹರಿದ ಹಾಳೆಯೂ ನಡೆಯುತ್ತದೆ. ಸಣ್ಣಗೆ ಕತ್ತರಿಸಿ ಕೊಡಬೇಕು, ಅಷ್ಟೇ. ಆದರೆ ಇದು ಹುಲ್ಲಿನ ಬದಲಿಗೆ, ಹಿಂಡಿಯ ಬದಲಿಗಲ್ಲ, ಪ್ರೋಟೀನ್ ಕಡಿಮೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆದ ಮೇಲೆ ಬಿದ್ದ ಹಾಳೆ ಬೇಡ, ಅದರಲ್ಲಿ ತಾಮ್ರ ಇರುತ್ತದೆ.

  

ಎರಡು ಹಸು ಇದ್ದರೆ ನಾನಂತೂ ಕೊಟ್ಟಿಗೆಗೇ ಹಾಕುತ್ತೇನೆ. ಹಸು ಇಲ್ಲದಿದ್ದರೆ ಒಳ್ಳೆಯದನ್ನು ಆರಿಸಿ ತಟ್ಟೆಗೆ, ಉಳಿದದ್ದು ಗೊಬ್ಬರದ ಗುಂಡಿಗೆ.