ಬೈಕ್ ಇಂಜೆಕ್ಟರ್ ಗುರುತು ಹಿಡಿಯೋಕೆ ಮೂರು ದಾರಿ: ಮೈಮೇಲಿನ ನಂಬರ್, ಚಾಸಿ ನಂಬರ್, ಮಲ್ಟಿಮೀಟರ್

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಕಾರ್ಬುರೇಟರ್ ಇರುವ ಹೊಸ ಬೈಕ್ ಅಪರೂಪ. ಅದರ ಬದಲು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋದು ಇಂಜೆಕ್ಟರ್. ಹಾಗಾಗಿ ಇಂಜೆಕ್ಟರ್ ಹುಡುಕುವ ಕೆಲಸ ಈಗ ಎಲ್ಲರ ಬಾಗಿಲಿಗೂ ಬಂದಿದೆ. ಕೈಯಲ್ಲಿರುವುದು ಯಾವುದು, ಅದರ ಜಾಗಕ್ಕೆ ಯಾವುದು ಸರಿಹೋಗುತ್ತದೆ ಅಂತ ತಿಳಿಯಲು ಮೂರು ದಾರಿಯನ್ನೂ ಬಳಸಿ ನೋಡಿದ್ದೇನೆ. ಮೂರರ ಯೋಗ್ಯತೆ ಖಂಡಿತ ಒಂದೇ ಅಲ್ಲ.

ಮೊದಲು ಮೈಮೇಲಿನ ನಂಬರ್. ಬಿಚ್ಚಿದಾಗ ಧೂಳು, ಜಿಡ್ಡು ಮೆತ್ತಿಕೊಂಡು ಏನೂ ಕಾಣಲ್ಲ. ಹಾಗಂತ ಪೆಟ್ರೋಲ್ ಹಾಕಿ ಗಸಗಸ ಉಜ್ಜಬೇಡಿ. ಲೇಸರ್‌ನಲ್ಲಿ ಕೆತ್ತಿದ ಗುರುತಾದರೆ ಉಳಿಯುತ್ತದೆ, ಇಂಕಿನಲ್ಲಿ ಅಚ್ಚು ಹಾಕಿದ್ದಾದರೆ ಬಟ್ಟೆಗೇ ಬಂದುಬಿಡುತ್ತದೆ. ಸೋಪು ನೀರಿನ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಮಾಯವಾಗಿದ್ದ ಅಂಕಿಗಳು ನೆರಳು ಬಿದ್ದ ಕೂಡಲೇ ಎದ್ದು ಕಾಣುತ್ತವೆ. ಆಗಲೇ ಫೋಟೋ ತೆಗೆದು, ದೊಡ್ಡದು ಮಾಡಿಕೊಂಡು ಓದಿ, 8 ಮತ್ತು 3, 0 ಮತ್ತು 6 ನಡುವೆ ಗೊಂದಲ ಆಗೋದು ಇಲ್ಲೇ.

ಬಾಷ್ ಕಂಪನಿಯ ಇಂಜೆಕ್ಟರ್ ಆದರೆ ಪುಣ್ಯ. ಹತ್ತು ಅಂಕಿಯ ನಂಬರ್ 0 280 15 ಅಂತ ಶುರುವಾದರೆ ಅದು ಪೆಟ್ರೋಲ್ ಇಂಜೆಕ್ಟರ್ ಸಾಲಿನದು. ಎಫ್ ಅಕ್ಷರದಿಂದ ಶುರುವಾಗುವವೂ ಇವೆ. ಕೊನೆಯ ಅಂಕಿಗಳನ್ನು ಮಾತ್ರ ಬಹಳ ಹುಷಾರಾಗಿ ಓದಬೇಕು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಇಂಜೆಕ್ಟರ್‌ಗಳ ಫ್ಲೋ (ಪೆಟ್ರೋಲ್ ಹರಿಯುವ ಪ್ರಮಾಣ) ಬೇರೆ, ಪೆಟ್ರೋಲ್ ಚಿಮ್ಮುವ ಕೋನ ಬೇರೆ ಅನ್ನೋದು ಅಲ್ಲೇ ಗೊತ್ತಾಗೋದು. ಪಕ್ಕದಲ್ಲಿರುವ ಸಣ್ಣ ಕೋಡ್ ತಯಾರಾದ ದಿನದ್ದೋ ಬ್ಯಾಚಿನದ್ದೋ ಇರುತ್ತದೆ. ಅದನ್ನು ಹಿಡಿದು ಹುಡುಕಿದರೆ ಸಮಯ ಹಾಳು ಅಷ್ಟೇ. ಕೀಹಿನ್, ಮಿಕುನಿ, ಡೆನ್ಸೋ ಕಂಪನಿಗಳ ಇಂಜೆಕ್ಟರ್ ಕಥೆ ಬೇರೆ. ಎಷ್ಟೋ ಸಲ ಮೈಮೇಲೆ ಇರೋದು ಅವರದೇ ಕೋಡ್, ಬೈಕ್ ಕಂಪನಿಯ ಸ್ಪೇರ್ ನಂಬರ್ ಅಲ್ಲ. ಅದನ್ನು ಕೌಂಟರಿನಲ್ಲಿ ಹೇಳಿದರೆ ಅವರ ಕಂಪ್ಯೂಟರಿಗೆ ಅರ್ಥವೇ ಆಗಲ್ಲ.

ಆಗ ಎರಡನೇ ದಾರಿ, ಚಾಸಿ ನಂಬರ್ ಕೊಟ್ಟು ಪಾರ್ಟ್ಸ್ ಕ್ಯಾಟಲಾಗ್ ನೋಡೋದು. ಇಲ್ಲಿ ಸಿಗೋ ನಂಬರ್ ಓದಲು ಕಲಿತರೆ ತುಂಬಾ ಅನುಕೂಲ. ಹೋಂಡಾದಲ್ಲಿ ಇಂಜೆಕ್ಟರ್ ಅಂದರೆ 16450, ನಡುವಿನ ಮೂರು ಅಕ್ಷರ ಮಾಡೆಲ್ ಹೇಳುತ್ತವೆ. ಸುಜುಕಿಯಲ್ಲಿ 15710. ಯಮಹಾ ಉಲ್ಟಾ, ಮೊದಲು ಮಾಡೆಲ್ ಕೋಡ್, ಆಮೇಲೆ ಪಾರ್ಟ್. ಹೊಸ ಇಂಜೆಕ್ಟರ್ ಕೊಳ್ಳೋದಾದರೆ ನನ್ನ ಓಟು ಇದಕ್ಕೇ, ಎರಡು ಮಾತಿಲ್ಲ. ಆದರೆ ಗಾಡಿಯಲ್ಲಿ ಯಾವುದು ಇರಬೇಕು ಅನ್ನೋದನ್ನಷ್ಟೇ ಕ್ಯಾಟಲಾಗ್ ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗೆ ಹಳೆಯ ಮಾಲೀಕರು ಏನು ಹಾಕಿಸಿದ್ದಾರೋ, ಅದು ಅದಕ್ಕೆ ಗೊತ್ತಿಲ್ಲ ಅಲ್ವಾ? ಅಲ್ಲಿ ಮೈಮೇಲಿನ ನಂಬರೇ ಗತಿ.

ಇನ್ನು ಮಲ್ಟಿಮೀಟರ್, ಅಂದರೆ ಇಂಜೆಕ್ಟರ್ ಒಳಗಿನ ಕಾಯಿಲಿನ ವಿದ್ಯುತ್ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯೋದು. ಇದನ್ನು ಜನ ಅತಿಯಾಗಿ ನಂಬುತ್ತಾರೆ. ಕನೆಕ್ಟರ್ ತೆಗೆದು ಎರಡು ಪಿನ್‌ಗೆ ತಾಗಿಸಿದರೆ ಬಹುತೇಕ ಬೈಕ್ ಇಂಜೆಕ್ಟರ್ 12 ಓಮ್ ಆಸುಪಾಸು ತೋರಿಸುತ್ತದೆ. 2–3 ಓಮ್ ಬಂದರೆ ಒಂದೋ ಕಾಯಿಲ್ ಸುಟ್ಟಿದೆ, ಇಲ್ಲ ಅದು ಬೇರೆ ಜಾತಿಯ ಇಂಜೆಕ್ಟರ್, ಇಸಿಯುಗೆ (ಇಂಜೆಕ್ಟರ್ ನಡೆಸುವ ಬೈಕಿನ ಕಂಪ್ಯೂಟರ್) ಜೋಡಿಸಬೇಡಿ, ಕರೆಂಟ್ ಜಾಸ್ತಿ ಎಳೆದು ಇಸಿಯುವನ್ನೇ ಸುಡಬಹುದು. ಮೀಟರ್ ಹೇಳೋದು ಇಷ್ಟೇ. 12 ಓಮ್ ಇದೆ ಅಂದ ಮಾತ್ರಕ್ಕೆ ನಿಮ್ಮ ಗಾಡಿಯದು ಅಂತಲ್ಲ. ಫ್ಲೋ ತಿಳಿಯಬೇಕಾದರೆ ಸುಮಾರು 3 ಬಾರ್ ಒತ್ತಡದಲ್ಲಿ ಟೆಸ್ಟ್ ಬೆಂಚ್ ಮೇಲೆ ಅಳೆಯಲೇಬೇಕು.

ಆನ್‌ಲೈನಿನಲ್ಲಿ ಇಂಜೆಕ್ಟರ್ ತುದಿಯ ತೂತು ಎಣಿಸಿ 6 ತೂತು, 8 ತೂತು, 12 ತೂತು ಅಂತ ಮಾರುತ್ತಾರಲ್ಲ, ಅದನ್ನು ನೋಡಿ ಕೊಳ್ಳಬೇಡಿ. ತೂತು ಜಾಸ್ತಿ ಆದ ಮಾತ್ರಕ್ಕೆ ಪೆಟ್ರೋಲ್ ಜಾಸ್ತಿ ಬರಲ್ಲ, ತೂತಿನ ಅಳತೆಯೂ ಸೇರಿ ಲೆಕ್ಕ. ಕನೆಕ್ಟರಿನ ಬಣ್ಣದ ಮೇಲೂ ಹೋಗಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಫ್ಲೋ ಇರುತ್ತದೆ.

ಯಾವುದನ್ನೇ ಹಾಕಿ, ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್ ಹೊಸದಿರಲಿ. ಜೋಡಿಸಿ ಇಗ್ನಿಷನ್ ಆನ್ ಮಾಡಿ, ಪಂಪ್ ಒತ್ತಡ ಬಂದ ಮೇಲೆ ಎರಡೂ ತುದಿಯಲ್ಲಿ ಪೆಟ್ರೋಲ್ ಒಸರುತ್ತಿದೆಯಾ ನೋಡಿ, ಆಮೇಲಷ್ಟೇ ಸ್ಟಾರ್ಟ್ ಮಾಡಿ.