ಕಲಬುರಗಿಯಿಂದ ಬೆಂಗಳೂರಿನ ಕೆಲಸಕ್ಕೆ: ರೆಫರಲ್, ಪೋರ್ಟಲ್, ವಾಕ್-ಇನ್

ಊರಲ್ಲೇ ಇದ್ದು ಬೆಂಗಳೂರಿನ ಖಾಸಗಿ ಕೆಲಸ ಹುಡುಕುವವರಿಗೆ ಮುಖ್ಯವಾಗಿ ಮೂರು ದಾರಿ. ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಸರದಿ ಇದು: ರೆಫರಲ್ (ಕಂಪನಿಯಲ್ಲಿ ಕೆಲಸ ಮಾಡುವವರೇ ನಿಮ್ಮ ಹೆಸರು ಸೂಚಿಸುವುದು) ಮೊದಲು, ಪೋರ್ಟಲ್ (ಕೆಲಸ ಹುಡುಕುವ ವೆಬ್‌ಸೈಟ್) ಆಮೇಲೆ, ವಾಕ್-ಇನ್ (ಹೇಳಿದ ದಿನ ನೇರವಾಗಿ ಹೋಗಿ ಕೊಡುವ ಸಂದರ್ಶನ) ಕೊನೆಗೆ.

ಸರದಿ ತಪ್ಪಿದರೆ ನಷ್ಟ. ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಮೊದಲು ಅರ್ಜಿ ಹಾಕಿದ್ದರೆ, ಆಮೇಲೆ ಒಳಗಿನವರು ಅದೇ ಇಮೇಲ್ ಕೊಟ್ಟು ನಿಮ್ಮ ಹೆಸರು ಸೇರಿಸಲು ಹೋದಾಗ ಹಲವು ಕಂಪನಿಗಳ ಸಿಸ್ಟಮ್ ಒಪ್ಪುವುದಿಲ್ಲ. ಇನ್ನು, “ಏನರ ಕೆಲ್ಸ ಇದ್ರ ಹೇಳ್ರಿ ಅಣ್ಣಾ” ಎಂದಷ್ಟೇ ಕೇಳಿದರೆ ಆ ಅಣ್ಣನ ಕೈಲಿ ಏನೂ ಆಗದು. ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟ ಸಂಖ್ಯೆ), ಒಂದು ಪುಟದ ಪಿಡಿಎಫ್ ರೆಸ್ಯೂಮೆ, ಅವರು ಹಾಗೇ ಅಂಟಿಸಬಹುದಾದ ಮೂರು ಸಾಲಿನ ಪರಿಚಯ ಇಷ್ಟೂ ಒಂದೇ ಮೆಸೇಜಿನಲ್ಲಿ ಹೋಗಲಿ. ನಿಮ್ಮದೇ ಕಾಲೇಜಿನ ಹಿರಿಯರನ್ನು ಕೇಳಲು ಸಂಕೋಚ ಬೇಡ. ರೆಫರಲ್ ಬೋನಸ್ ಕೊಡುವ ಕಂಪನಿಯಾದರೆ ಅವರಿಗೂ ಲಾಭ.

ನೌಕ್ರಿಯಂಥ ಪೋರ್ಟಲ್‌ನಲ್ಲಿ ನಮ್ಮ ಭಾಗದವರಿಗೆ ಅಡ್ಡ ಬರುವುದು ಊರಿನ ಫಿಲ್ಟರ್. ಹೆಚ್‌ಆರ್ ‘ಬೆಂಗಳೂರು’ ಎಂದು ಸೋಸಿದರೆ ಕಲಬುರಗಿಯ ಪ್ರೊಫೈಲ್ ಪಟ್ಟಿಗೇ ಬರದಿರಬಹುದು. ಹಾಗಂತ ಸುಳ್ಳು ವಿಳಾಸ ಹಾಕಬೇಡಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದು ಫೋನ್ ಬಂದರೆ ಸಿಕ್ಕಿಬೀಳುತ್ತೀರಿ. ಬಯಸುವ ಊರು ಬೆಂಗಳೂರು ಎಂದು ತುಂಬಿ, ಪ್ರೊಫೈಲ್‌ನ ಹೆಡ್‌ಲೈನ್‌ನಲ್ಲಿ, ಅಂದರೆ ಚುಟುಕು ಪರಿಚಯದ ಸಾಲಿನಲ್ಲಿ, ಎಷ್ಟು ದಿನದಲ್ಲಿ ಬಂದು ಸೇರಬಲ್ಲಿರಿ ಎಂದು ಬರೆಯಿರಿ. ವಾರಕ್ಕೊಮ್ಮೆ ಪ್ರೊಫೈಲ್ ಅಪ್‌ಡೇಟ್ ಮಾಡಿ. ಹಳೆಯದಾದಷ್ಟೂ ಹುಡುಕಾಟದಲ್ಲಿ ಕೆಳಗೆ ಸರಿಯುತ್ತದೆ. ಡಿಟಿಪಿ ಅಂಗಡಿಯಲ್ಲಿ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿಸಿದ ರೆಸ್ಯೂಮೆ ಬರೀ ಚಿತ್ರ. ಅದರ ಅಕ್ಷರಗಳನ್ನು ಓದಲು ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಆಗದು. ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ ನೋಡಿ. ಅಕ್ಷರ ಬಂದರೆ ಸರಿ.

ವಾಕ್-ಇನ್ ದುಬಾರಿ. ಒಂದೇ ವಾರದಲ್ಲಿ ಮೂರ್ನಾಲ್ಕು ಕೂಡಿಬಂದರೆ ಮಾತ್ರ ಹೊರಡಿ. ವಂದೇ ಭಾರತ್ ಬೆಂಗಳೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ ಬೆಳಗಿನ ಟೋಕನ್ ಮುಗಿದಿರುತ್ತದೆ. ರಾತ್ರಿ ರೈಲೇ ಸರಿ. ಮೂಲ ಅಂಕಪಟ್ಟಿ, ಎರಡು ಸೆಟ್ ಜೆರಾಕ್ಸ್, ಫೋಟೊ, ಆಧಾರ್ ಜೊತೆಗಿರಲಿ. ಮೂಲ ಪ್ರತಿಗಳನ್ನು ತೋರಿಸಿ, ಯಾರ ಬಳಿಯೂ ಬಿಟ್ಟು ಬರಬೇಡಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ. ಅಲ್ಲಿನ ವಾಕ್-ಇನ್ ಮುಗಿಸಿ ಅದೇ ರಾತ್ರಿ ಮನೆ ಸೇರಬಹುದು.

ನೋಂದಣಿ ಶುಲ್ಕ, ಟ್ರೇನಿಂಗ್ ಡಿಪಾಸಿಟ್ ಎಂದು ದುಡ್ಡು ಕೇಳುವ ಕನ್ಸಲ್ಟೆನ್ಸಿಯನ್ನು ನಾವು ದಾರಿಯೆಂದೇ ಎಣಿಸಿಲ್ಲ.